ಫೋನ್ ಸತ್ತಾಗ ಸುದ್ದಿ ಮುಟ್ಟಿಸೋದು ಹೇಗೆ?



ಮಳೆಗಾಲಕ್ಕೆ ಮುಂಚೆ ನಾವು ಸೌದೆ ಒಟ್ಟುತ್ತೇವೆ, ಹಪ್ಪಳ-ಸಂಡಿಗೆ ಮಾಡಿಡುತ್ತೇವೆ, ಸೋರುವ ಹೆಂಚು ಬದಲಾಯಿಸುತ್ತೇವೆ. ಆದರೆ ನೆರೆ ಬಂದು ದಾರಿ ಕಡಿದುಹೋದರೆ ಹೊರಗಿನವರಿಗೆ ಸುದ್ದಿ ಮುಟ್ಟಿಸೋದು ಹೇಗೆ ಅಂತ ಯೋಚಿಸಿದ್ದೇವಾ? "ಮೊಬೈಲ್ ಇದೆಯಲ್ಲ ಸಿಸ್ಟರ್" ಅನ್ನುತ್ತೀರಿ. ಮೊಬೈಲ್ ಟವರಿಗೂ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಜನರೇಟರ್ ಇರುವಷ್ಟು ಹೊತ್ತು ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಹ್ಯಾಮ್ ರೇಡಿಯೋ.

ಹ್ಯಾಮ್ ರೇಡಿಯೋ ಅಂದರೇನು?

ಮನೆಯ ರೇಡಿಯೋದಲ್ಲಿ ನಾವು ಕೇಳಬಹುದು ಅಷ್ಟೆ. ಹ್ಯಾಮ್ ರೇಡಿಯೋದಲ್ಲಿ ಕೇಳಲೂಬಹುದು, ಮಾತಾಡಲೂಬಹುದು. ಇದಕ್ಕೆ ಟವರ್ ಬೇಡ, ಸಿಮ್ ಬೇಡ. ಒಂದು ಸೆಟ್, ಒಂದು ಕಾರಿನ ಬ್ಯಾಟರಿ, ಮರಕ್ಕೆ ಕಟ್ಟಿದ ತಂತಿ ಇದ್ದರೂ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಕೆಲವು ಕಿಲೋಮೀಟರ್ ಮುಟ್ಟುತ್ತದೆ. ಗುಡ್ಡ ಅಡ್ಡ ಬಂದರೆ ಇನ್ನೂ ಕಡಿಮೆ. ದೊಡ್ಡ ಸೆಟ್ಟಿನ ಅಲೆಗಳು ಆಕಾಶದ ಮೇಲಿನ ಪದರಕ್ಕೆ ತಾಗಿ ತಿರುಗಿ ಬರುವುದರಿಂದ ನೂರಾರು, ಸಾವಿರಾರು ಕಿಲೋಮೀಟರ್ ದೂರಕ್ಕೂ ಮಾತು ಹೋಗುತ್ತದೆ.

ಕಷ್ಟಕಾಲದಲ್ಲಿ ಏನಾಯಿತು?

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನ್-ನಿಕೋಬಾರ್ ದ್ವೀಪಗಳ ಸಂಪರ್ಕ ಕಡಿದುಹೋಯಿತು. ಹ್ಯಾಮ್ ಕೇಂದ್ರ ನಡೆಸಲೆಂದು ಮೊದಲೇ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಕಳಿಸತೊಡಗಿದರು. ಅಲ್ಲಿದ್ದವರ ಕ್ಷೇಮಸಮಾಚಾರ ಊರಿನ ಬಂಧುಗಳಿಗೆ ತಲುಪಿತು. 2024ರ ಜುಲೈ 30ರಂದು ನಮ್ಮ ಪಕ್ಕದ ವಯನಾಡಿನಲ್ಲಿ ಗುಡ್ಡ ಜರಿದಾಗಲೂ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ನೆರವಾದರು. ಸೆಟ್ಟೂ ತಿಳಿದವರೂ ಮೊದಲೇ ತಯಾರಿದ್ದದ್ದರಿಂದ ಇದು ಸಾಧ್ಯವಾಯಿತು.

ಸಂಘ ಮಾಡಬೇಕಾದ್ದೇನು?

ಹ್ಯಾಮ್ ಸುದ್ದಿಯನ್ನು ಹೊತ್ತೊಯ್ಯುವವರು. ಸರಿಯಾದ ಸುದ್ದಿ ಕೊಡಬೇಕಾದವರು ಊರಿನ ನಾವೇ. ಯಾವ ಮನೆಯಲ್ಲಿ ಗರ್ಭಿಣಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ಯಾರಿಗೆ ದಿನಾ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬೇಕು ಎಂಬುದು ಸಂಘದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

1. ಈ ಪಟ್ಟಿಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಪ್ರತಿ ವರ್ಷ ಮೇ ತಿಂಗಳಲ್ಲಿ ತಿದ್ದಿ.

2. ಹತ್ತಿರದ ಹ್ಯಾಮ್ ಯಾರು, ನೆರೆ ಬಂದರೆ ಅವರು ಎಲ್ಲಿರುತ್ತಾರೆ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ಜಿಲ್ಲಾ ಕಂಟ್ರೋಲ್ ರೂಮಿನ ಫೋನ್ 1077. ಫೋನ್ ಇರುವಾಗಲೇ ಕೇಳಿಡಬೇಕು.

3. ಸುದ್ದಿಯನ್ನು ಚೀಟಿಯಲ್ಲಿ ಬರೆದೇ ಕೊಡಿ. "ಎಲ್ಲಾ ಮುಳುಗಿಹೋಯ್ತು, ಬೇಗ ಬನ್ನಿ" ಅಂದರೆ ಬರುವವರಿಗೆ ದಾರಿಯೂ ತಿಳಿಯದು, ಏನು ತರಬೇಕೆಂದೂ ತಿಳಿಯದು. ಹೀಗೆ ಬರೆಯಿರಿ: "ಬೆಳಿಗ್ಗೆ 7 ಗಂಟೆ. ಮೇಲಿನಕೇರಿ ಶಾಲೆ. 42 ಜನ ಇದ್ದೇವೆ. ಒಬ್ಬಳಿಗೆ ಹೆರಿಗೆ ನೋವು. ಸೇತುವೆ ಮುರಿದಿದೆ, ದೋಣಿ ಬೇಕು." ಕೆಳಗೆ ಕಳಿಸಿದವರ ಹೆಸರಿರಲಿ.

4. ಕಂಡದ್ದನ್ನು ಮಾತ್ರ ಬರೆಯಿರಿ. "ಅಣೆಕಟ್ಟು ಒಡೆಯಿತಂತೆ" ಎಂಬ ಅಂತೆ-ಕಂತೆ ಬೇಡ. ರೇಡಿಯೋ ಮಾತನ್ನು ಸೆಟ್ ಇರುವ ಯಾರು ಬೇಕಾದರೂ ಕೇಳಬಹುದು. ಹಾಗಾಗಿ ಒಂಟಿ ಹೆಂಗಸಿನ ಹೆಸರು, ಮನೆಯ ಗುಟ್ಟು ಹೇಳಬಾರದು.

ನಾವೇ ಕಲಿಯಬಹುದಾ?

ಖಂಡಿತ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ಕಾನೂನು ಓದಬೇಕು. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಎಂಬ ಸಂಸ್ಥೆ ಇದನ್ನು ಕಲಿಸುತ್ತಾ ಬಂದಿದೆ. ಲೈಸೆನ್ಸ್ ಇಲ್ಲದೆ ಹ್ಯಾಮ್ ಸೆಟ್ಟಿನಲ್ಲಿ ಮಾತಾಡುವುದು ತಪ್ಪು. ಇದರಿಂದ ಹಣ ಸಂಪಾದಿಸುವಂತೆಯೂ ಇಲ್ಲ. ಪ್ರತಿ ಮಹಾಸಂಘದಿಂದ ಕಾಲೇಜು ಓದುವ ಒಬ್ಬ ಮಗಳಾದರೂ ಕಲಿತರೆ ಸುತ್ತಲಿನ ಹಳ್ಳಿಗಳಿಗೆಲ್ಲ ಆಸರೆ.

ಮುಂದಿನ ವಾರದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿ. ಒಬ್ಬೊಬ್ಬರೂ ಒಂದು ಚೀಟಿ ಬರೆದು ಗಟ್ಟಿಯಾಗಿ ಓದಿ. ಊರು ನೋಡದವರಿಗೂ ಅದು ಅರ್ಥವಾಗುತ್ತದಾ? ಆಗದಿದ್ದರೆ ಇನ್ನೊಮ್ಮೆ ಬರೆಯಿರಿ.