ಬೆಲೆ ಕೇಳುವ ಮುಂಚೆ ಬಾನೆಟ್ ಎತ್ತಿ

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟ 2010ರಲ್ಲೇ ನಿಂತುಹೋಗಿತ್ತು. ಹಾಗಿದ್ದೂ ಸಂತೆಯ ದಿನ ಸಾಗರದಲ್ಲೋ ಅರಸೀಕೆರೆಯಲ್ಲೋ ಬಸ್ ನಿಲ್ದಾಣದ ಪಕ್ಕ ಸ್ವಲ್ಪ ಹೊತ್ತು ನಿಂತರೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲ, ಮುಂದೆ ಮನೆಯ ಹಿರಿಯರು. ಜಡಿಮಳೆಯಲ್ಲಿ ಮಗುವಿಗೆ ಜ್ವರ ಏರಿದರೆ, ನಡುರಾತ್ರಿ ಹೆರಿಗೆ ನೋವು ಶುರುವಾದರೆ ಊರಿಗೆ ಊರೇ ಬಾಗಿಲು ತಟ್ಟುವುದು ಇಂಥ ಕಾರಿರುವ ಮನೆಯದನ್ನೇ. ಹಳೇ ಕಾರು ಕೊಳ್ಳುವುದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಆದರೆ ಕೊಳ್ಳುವುದಕ್ಕೂ ಸಾಕುವುದಕ್ಕೂ ಒಂದು ಕ್ರಮವಿದೆ.

ಒಂದು, ಒಂದೂವರೆ ಲಕ್ಷ ಕೈಯಲ್ಲಿಟ್ಟುಕೊಂಡು ಬಂದವರು ಕೇಳುವ ಮೊದಲ ಪ್ರಶ್ನೆ ‘ಯಾವ ಕಾರು ಒಳ್ಳೇದು?’ ಎಂಬುದು. ನಿಮ್ಮೂರಿನ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕಾರೇ ಒಳ್ಳೇದು ಎನ್ನುವುದು ನನ್ನ ಉತ್ತರ. 800ರಲ್ಲಿದ್ದ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಯಲ್ಲೂ ಇತ್ತು. ಓಮ್ನಿ 2019ರವರೆಗೂ ತಯಾರಾಯಿತು. ಅದಕ್ಕೇ ಹೋಬಳಿ ಊರಿನ ಗ್ಯಾರೇಜಿನಲ್ಲೂ ಅದರ ಮೇಲೆ ಕೈ ಪಳಗಿದವರಿದ್ದಾರೆ, ಅಂಗಡಿಯಲ್ಲಿ ಸಾಮಾನೂ ಸಿಗುತ್ತದೆ. ಇದೇ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹದಿನೈದು ವರ್ಷ ಹಿಂದಿನ ಐಷಾರಾಮಿ ವಿದೇಶಿ ಕಾರೂ ಸಿಕ್ಕೀತು. ಅದರ ಗೇರ್‌ಬಾಕ್ಸ್ ಕೈಕೊಟ್ಟ ದಿನ ಕಾರಿನ ಬೆಲೆಯಷ್ಟೇ ರಿಪೇರಿಗೂ ಬೇಕಾಗಬಹುದು. ಕಾರಿಗೆ ವಯಸ್ಸಾದಂತೆ ಅದರ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ.

ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಲಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮುಂಚೆಯೇ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಮೈ ನೋಡಿ. ಅಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಮಂದ ಪದಾರ್ಥ ಅಂಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ನಿನ ಹೆಡ್ ಬಿಚ್ಚಿಸಿ ಲೇತ್‌ಗೆ ಕಳಿಸಬೇಕಾಗುತ್ತದೆ. ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆಯನ್ನೂ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮತ್ತೆ ಆ ಗ್ಯಾಸ್ಕೆಟ್ಟಿನ ಮೇಲೆಯೇ ಅನುಮಾನ ಹೋಗುತ್ತದೆ.

ಕರಾವಳಿಯ ಕಾರಾದರೆ ಎಂಜಿನ್ನಿಗಿಂತ ಬಾಡಿ ನೋಡುವುದು ಮುಖ್ಯ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ಚಾಸಿಗೆ ಮದ್ದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ತಗಡನ್ನು ಹೆಬ್ಬೆರಳಲ್ಲಿ ಒತ್ತಿ. ಬಾಗಿಲ ಕೆಳಗಿನ ಅಂಚು, ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿಯ ಅಡಿ ಇವೇ ಮೊದಲು ಕೊಳೆಯುವ ಜಾಗಗಳು. ಹೊಸದಾಗಿ ಪೇಂಟ್ ಹೊಡೆದು ಮಿರಮಿರ ಮಿಂಚುವ ಕಾರಿನ ಮೇಲೆ ಒಂದು ಪುಟ್ಟ ಅಯಸ್ಕಾಂತ ಆಡಿಸಿ. ಅದು ಹಿಡಿಯದ ಕಡೆ ತಗಡು ಹೋಗಿದೆ, ಪುಟ್ಟಿ ತುಂಬಿದ್ದಾರೆ. ಚೆನ್ನೈನ 2015ರ ನೆರೆ, ಬೆಂಗಳೂರಿನ 2022ರ ಸೆಪ್ಟೆಂಬರ್ ಮಳೆ ಇಂಥ ಸಂದರ್ಭಗಳಲ್ಲಿ ಮುಳುಗಿದ ಕಾರುಗಳನ್ನು ಒಣಗಿಸಿ ದೂರದ ಊರುಗಳಲ್ಲಿ ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೀಟು ತೊಳೆಯುವವರು ಸುರುಳಿಯೊಳಗಿನ ಆ ಕೊನೆಯ ಗೇಣನ್ನು ಮರೆತಿರುತ್ತಾರೆ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ಮೀಟರಿನ ಕಿಲೋಮೀಟರ್ ಲೆಕ್ಕವನ್ನು ಪೂರ್ತಿ ನಂಬಬೇಡಿ. ನಲವತ್ತು ಸಾವಿರ ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರ್ ಬೋಳಾಗಿದ್ದರೆ ನಂಬಬೇಕಾದ್ದು ರಬ್ಬರನ್ನು.

ಕೊಂಡದ್ದಾಯಿತು. ಕಾರಿನ ಬೆಲೆಯ ಕಾಲುಭಾಗದಷ್ಟಾದರೂ ಹಣ ಮೊದಲ ತಿಂಗಳ ಕೆಲಸಕ್ಕೆಂದು ಎತ್ತಿಟ್ಟಿರಬೇಕು. ನಮ್ಮವರು ಅದನ್ನು ಸೀಟ್ ಕವರಿಗೆ, ಮ್ಯೂಸಿಕ್ ಸಿಸ್ಟಮ್ಮಿಗೆ ಸುರಿಯುತ್ತಾರೆ. ‘ಸಾರ್, ಅಂದಚಂದ ಆಮೇಲ್ ನೋಡ್ಕೊಳಿ, ಮೊದ್ಲು ಬ್ರೇಕ್ ಬಿಚ್ಚಣ’ ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಎಲ್ಲ ಬೆಲ್ಟು, ಎಲ್ಲ ರಬ್ಬರ್ ಪೈಪು ಮೊದಲು ಬದಲಾಗಲಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಹಾಕಿಸಿಯೇ ಇಲ್ಲವೆಂದು ತಿಳಿಯಿರಿ. ಕೆಲವು ಎಂಜಿನ್‌ಗಳಲ್ಲಿ ಅದು ಓಡುವಾಗ ಹರಿದರೆ ವಾಲ್ವ್‌ಗಳೇ ಬಾಗಿಹೋಗುತ್ತವೆ. ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ಗುರುತಿರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಗೀರು ಎಷ್ಟೇ ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರನ್ನು ಹೆದ್ದಾರಿಯಲ್ಲಿ ನಂಬಲಾಗದು.

ನೀರಿನ ವಿಷಯದಲ್ಲಿ ಬಯಲುಸೀಮೆಯವರು ಹೆಚ್ಚು ಎಚ್ಚರವಾಗಿರಬೇಕು. ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಿ ತುಂಬಿ ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಆಮೇಲೆ ಕಾರು ಬಿಸಿಯಾಗುತ್ತದೆ ಎಂದು ಗ್ಯಾರೇಜಿಗೆ ಹೋದರೆ, ಕೆಲವರು ಥರ್ಮೋಸ್ಟಾಟ್ ಕಿತ್ತುಹಾಕಿ ‘ಸರಿಹೋಯ್ತು’ ಎಂದು ಕಳಿಸುತ್ತಾರೆ. ಹೋದದ್ದು ಲಕ್ಷಣ ಮಾತ್ರ, ರೋಗ ಅಲ್ಲೇ ಇದೆ. ಮೇಲಾಗಿ ಎಂಜಿನ್ ತಕ್ಕಷ್ಟು ಬಿಸಿಯೇರದೆ ಪೆಟ್ರೋಲ್ ಹೆಚ್ಚು ಉರಿಯುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟಿಗೆ ಆಗುವ ಕೆಲವು ನೂರು ರೂಪಾಯಿ ಈ ಎಲ್ಲವನ್ನೂ ತಪ್ಪಿಸುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. 2023ರ ಏಪ್ರಿಲ್ ನಂತರದ ಕಾರುಗಳ ಬಿಡಿಭಾಗಗಳು ಇದನ್ನು ತಾಳುವಂತೆ ತಯಾರಾಗಿವೆ, ಹಳೆಯವು ಹಾಗಲ್ಲ. ಪೆಟ್ರೋಲ್ ಪೈಪು, ವಾಷರು ಬಿರುಕು ಬಿಟ್ಟಿವೆಯೇ ಎಂದು ಪ್ರತಿ ಸರ್ವಿಸಿನಲ್ಲೂ ಕೇಳಿ ನೋಡಿಸಿ. ಎಥನಾಲ್ ಗಾಳಿಯ ತೇವ ಹೀರುವುದರಿಂದ ಕಾರನ್ನು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಬೇಡಿ.

ಊರಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿದೆ, ಶಿವಾಜಿನಗರದ ಗುಜರಿಯಿದೆ. ಬಾಗಿಲ ಹಿಡಿ, ಗಾಜು, ಲೈಟು ಇಂಥವಕ್ಕೆ ಗುಜರಿ ಧಾರಾಳವಾಗಿ ಸಾಕು. ಬ್ರೇಕ್, ಸ್ಟೀರಿಂಗಿನ ಭಾಗಗಳನ್ನು ಮಾತ್ರ ಹೊಸದೇ ತನ್ನಿ, ಬಿಲ್ ಸಮೇತ.

ಕಾಗದಪತ್ರದ ಮಾತಿಗೆ ಬಂದರೆ, ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ಅದನ್ನು ನವೀಕರಿಸಬೇಕು. ಈ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದು 10,000ಕ್ಕೆ ಏರಿತು. ನಲವತ್ತು ಸಾವಿರದ ಕಾರಿಗೆ ಹತ್ತು ಸಾವಿರ ಶುಲ್ಕ ನನಗೆ ನ್ಯಾಯವೆನಿಸುವುದಿಲ್ಲ. ಹೊಗೆ ಅಳೆಯಲಿ, ಬ್ರೇಕ್ ಪರೀಕ್ಷಿಸಲಿ, ಸೋತದ್ದನ್ನು ಗುಜರಿಗೆ ಕಳಿಸಲಿ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ, ಚೆನ್ನಾಗಿ ಸಾಕಿದ ಕಾರಿಗೆ ಬರೀ ವಯಸ್ಸು ನೋಡಿ ದಂಡ ಹಾಕಿದಂತಾಗಬಾರದು. ದೆಹಲಿಯಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಮಿತಿ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗಕ್ಕೆ ಇತ್ತ ಬರುತ್ತವೆ. ಎನ್‌ಒಸಿ ಜತೆಗೆ ಇಲ್ಲಿನ ತೆರಿಗೆಯನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ.

ಮಾರುವವರು ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರುವವರು ನೀವಾದರೆ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗಿತ್ತು ಸುಮ್ಮನಾಗದೆ, ಕೊಂಡವರ ಹೆಸರಿಗೆ ಆರ್‌ಸಿ ಬದಲಾದದ್ದನ್ನು ನೀವೇ ಖಾತ್ರಿ ಮಾಡಿಕೊಳ್ಳಿ. ಕೊಂಡವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ವಿಮೆಯ ನೋ ಕ್ಲೇಮ್ ಬೋನಸ್ ಮಾತ್ರ ಕಾರಿನ ಹಿಂದೆ ಹೋಗುವುದಿಲ್ಲ. ಅದು ಮಾರಿದವರದು, ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಿಕೊಳ್ಳಬಹುದು.