ಕೆರೆಯ ಗಾಳ, ಕಡಲ ಮೀನು

ಯಲಹಂಕ, ಹೆಬ್ಬಾಳದ ಕಡೆ ಕೆರೆ ಏರಿಯ ಮೇಲೆ ಕುಳಿತು, ಬೆಂಡು ಮುಳುಗುವುದನ್ನೇ ಕಾದು ಪಳಗಿದವರು ರಜೆಯಲ್ಲಿ ಮಲ್ಪೆಗೋ ಉಳ್ಳಾಲಕ್ಕೋ ಹೋದಾಗ ಬರಿಗೈಯಲ್ಲಿ ಮರಳುವುದುಂಟು. ಕಡಲಿನಲ್ಲಿ ಬೆಂಡನ್ನು ಅಲೆಯೇ ದಡಕ್ಕೆ ತಂದುಹಾಕುತ್ತದೆ. ಗಾಳ ತಳದಲ್ಲಿ ನಿಲ್ಲಲು ಸೀಸದ ಗುಂಡು ಕಟ್ಟಬೇಕು. ಹಿಟ್ಟಿನ ಉಂಡೆ ಅಲೆಗೆ ಕರಗುವುದರಿಂದ ಹಸಿ ಸಿಗಡಿಯ ತುಂಡೇ ಮೇಲು.

ಸಮಯವೂ ಮುಖ್ಯ. ಉಬ್ಬರವು ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಬರುತ್ತದೆ. ಮರುದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ 6 ಗಂಟೆಗೆ ಮೀನು ಸಿಕ್ಕಿತೆಂದು ಇಂದೂ 6ಕ್ಕೇ ಹೋಗುವುದು ಸರಿಯಲ್ಲ. ನೀರು ಏರುವಾಗ ಕಾಣೆ ಮೀನು ಮರಳಿನ ಹುಳು, ಸಿಗಡಿಗಳನ್ನರಸಿ ದಡದ ಸಮೀಪಕ್ಕೇ ಬರುತ್ತದೆ. ಬಲು ದೂರ ಎಸೆಯಬೇಕೆಂಬುದು ನಮ್ಮ ನಗರದವರ ಭ್ರಮೆ!

ಅಲೆಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಓಣಿಯೊಂದಿದ್ದರೆ ಅಲ್ಲಿಗೆ ಇಳಿಯಬೇಡಿ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಸೆಳೆತ ಅದು. ಸಿಕ್ಕಿಬಿದ್ದವರು ದಡದತ್ತ ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಮಳೆಗಾಲದಲ್ಲಂತೂ ನೀರಿಗಿಳಿಯಲೇಬಾರದು.

ಕರಾವಳಿಯವರು ತೇಡೆ ಎನ್ನುವ ಮೀಸೆಯ ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯದಿರಿ. ಅದರ ಬೆನ್ನಿನ ಹಾಗೂ ಪಕ್ಕದ ಮುಳ್ಳುಗಳಲ್ಲಿ ವಿಷವಿದೆ. ದಾರ ಕತ್ತರಿಸಿದರೂ ನಷ್ಟವಿಲ್ಲ. ಚುಚ್ಚಿದರೆ, ಚರ್ಮ ಸುಡದಂತೆ ಸಹಿಸಬಹುದಾದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಅದ್ದಿಟ್ಟು, ವೈದ್ಯರಿಗೆ ತೋರಿಸಬೇಕು.

ಹೊರಡುವ ಮುನ್ನ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ. ಯಶವಂತಪುರ ತಲಪುವಷ್ಟರಲ್ಲಿ ಉಪ್ಪು ತನ್ನ ಕೆಲಸ ಆರಂಭಿಸಿರುತ್ತದೆ.