ಗೋದಲಿಯ ಸಂತೋಷ

ನಾಲ್ವರು ಸುವಾರ್ತಾಕಾರರಲ್ಲಿ ಕ್ರಿಸ್ತನ ಜನನವೃತ್ತಾಂತವನ್ನು ಹೇಳುವವರು ಮತ್ತಾಯ, ಲೂಕ ಇಬ್ಬರೇ. ನಕ್ಷತ್ರ, ಮೂಡಣದ ಜೋಯಿಸರು, ಹೆರೋದನ ಕ್ರೌರ್ಯ ಮತ್ತಾಯನಲ್ಲಿವೆ. ಜನಗಣತಿ, ಗೋದಲಿ, ಕುರುಬರು ಲೂಕನಲ್ಲಿ. ಚಿತ್ರಪಟಗಳಲ್ಲಿ ಇವೆಲ್ಲ ಒಂದೇ ಮಾಡಿನ ಕೆಳಗೆ ಕೂಡಿಕೊಂಡಿರುವುದರಿಂದ ಈ ಭೇದ ನಮ್ಮ ಗಮನಕ್ಕೆ ಬರುವುದು ವಿರಳ. ಆದರೆ ಈ ಕಥೆಯ ಸಂತೋಷವೆಂಥದೆಂದು ವಿಚಾರಿಸ ಹೊರಟರೆ ಇಬ್ಬರನ್ನೂ ಬೇರೆಬೇರೆಯಾಗಿ ಓದಬೇಕಾಗುತ್ತದೆ.

ಲೂಕನಲ್ಲಿ ಸಂತೋಷವು ಜನನಕ್ಕೆ ಮೊದಲೇ ತೊಡಗುತ್ತದೆ. ಬಸುರಿಯಾದ ಮರಿಯಳು ಬಂಧುವಾದ ಎಲಿಸಬೇತಳ ಮನೆಗೆ ಹೋದಾಗ ಆ ಮುದಿ ಬಸುರಿಯ ಗರ್ಭದಲ್ಲಿದ್ದ ಕೂಸು ನಲಿದಾಡುತ್ತದೆ. ಮುಂದೆ ದೇವದೂತನು ಸಾರುವುದೂ ಸಂತೋಷದ ಸುದ್ದಿಯನ್ನೇ. ಮೂಲ ಗ್ರೀಕಿನಲ್ಲಿ ಇಲ್ಲಿರುವ ಪದ ‘ಖರಾ’. ಕೃಪೆ ಎಂಬರ್ಥದ ‘ಖಾರಿಸ್’ ಇದರ ಸೋದರಪದ. ಆ ಸುದ್ದಿ ಸಮಸ್ತ ಜನರಿಗಾಗಿ ಬಂದದ್ದು; ಆದರೆ ಮೊದಲು ಕೇಳಿಸಿಕೊಂಡವರು ರಾತ್ರಿಯ ಸರದಿಯಲ್ಲಿ ಮಂದೆ ಕಾಯುತ್ತಿದ್ದ ಕುರುಬರು. ಅವರಿಗೆ ಕೊಟ್ಟ ಗುರುತಾದರೂ ಏನು? ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು, ಅಷ್ಟೇ. ದನಕ್ಕೆ ಮೇವು ಹಾಕುವ ಈ ತಾಣದ ಹೆಸರು ನಮ್ಮ ರೈತರ ಮನೆಮಾತು; ಕನ್ನಡ ಬೈಬಲು ಅದನ್ನೇ ಆರಿಸಿಕೊಂಡಿರುವುದು ಉಚಿತವಾಗಿದೆ.

ಕುರುಬರು ಹೋಗಿ ಕಂಡರು, ಕಂಡದ್ದನ್ನು ಇತರರಿಗೆ ಹೇಳಿದರು, ದೇವರನ್ನು ಕೊಂಡಾಡುತ್ತ ಹಿಂದಿರುಗಿದರು. ಮರಿಯಳು ಮಾತ್ರ ಏನನ್ನೂ ಆಡದೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಹಂಚಿದ ಸಂತೋಷ, ಒಳಗಿಟ್ಟುಕೊಂಡ ಸಂತೋಷ, ಎರಡನ್ನೂ ಲೂಕನು ಅಕ್ಕಪಕ್ಕದಲ್ಲಿ ಇಡುತ್ತಾನೆ. ಯಾವುದು ಮೇಲೆಂದು ಹೇಳುವುದಿಲ್ಲ.

ಮತ್ತಾಯನ ಸಂತೋಷಕ್ಕೆ ನೆರಳಿದೆ. ಜೋಯಿಸರು ನಕ್ಷತ್ರವನ್ನು ಕಂಡು ಅತ್ಯಾನಂದಪಟ್ಟ ಅದೇ ಅಧ್ಯಾಯದಲ್ಲಿ ಬೆತ್ಲೆಹೇಮಿನ ಎಳೆಗೂಸುಗಳ ಕೊಲೆಯೂ ತಾಯಂದಿರ ಗೋಳೂ ಬರುತ್ತವೆ. ಕಂಸನ ಕಥೆಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಹಬ್ಬದ ಸಂಭ್ರಮದಲ್ಲಿ ಈ ಭಾಗವನ್ನು ದಾಟಿಹೋಗುವುದು ಸುಲಭ. ದಾಟಿದರೆ ಉಳಿಯುವುದು ಬರಿಯ ಅಲಂಕಾರವೆಂದು ನನ್ನ ಎಣಿಕೆ. (ಇಂದು ಕೇರಳಕ್ಕೆ ಸೇರಿರುವ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ಆರಿಸಿಕೊಂಡದ್ದು ಕ್ರಿಸ್ತನ ಜನನವನ್ನಲ್ಲ, ಕಡೆಯ ದಿನವನ್ನು.)

ಗ್ರಂಥದಲ್ಲಿದ್ದ ಈ ಸಂತೋಷವನ್ನು ಕಣ್ಣಿಗೆ ಕಾಣುವಂತೆ ಊರಿನವರಿಗೆಲ್ಲ ಹಂಚಿದವನು ಅಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬ ಗುಡ್ಡದೂರಿನಲ್ಲಿ ಅವನು ಗೋದಲಿಯೊಂದನ್ನು ಸಿದ್ಧಗೊಳಿಸಿ, ಹುಲ್ಲು ತರಿಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿದನು. ಲೂಕನ ಜನನದೃಶ್ಯದಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಯೆಶಾಯನ ಪ್ರವಾದನೆಯಿಂದ ಪರಂಪರೆ ಅವನ್ನು ಕರೆತಂದಿತು. ಜನರು ದೀವಟಿಗೆ ಹಿಡಿದು ಬಂದರು. ಫ್ರಾನ್ಸಿಸನು ಸುವಾರ್ತೆಯನ್ನು ಹಾಡಿದನು. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿಯ ದನಿಯಲ್ಲಿ ಉಚ್ಚರಿಸುತ್ತಿದ್ದನೆಂದು ಅವನ ಮೊದಲ ಚರಿತ್ರಕಾರ ಚೆಲಾನೋದ ಥಾಮಸ್ ಬರೆಯುತ್ತಾನೆ. ಪೂಜೆ ಮುಗಿದ ಮೇಲೆ ಗೋದಲಿಯ ಹುಲ್ಲನ್ನು ಜನ ಎಸೆಯಲಿಲ್ಲ. ಜೋಪಾನವಾಗಿಟ್ಟು ರೋಗದ ದನಕರುಗಳಿಗೆ ತಿನ್ನಿಸಿದರು. ಹೆರಿಗೆ ಕಷ್ಟವಾದ ಹೆಂಗಸರ ಮೈಮೇಲೆ ಇರಿಸಿದರು.